ಕರ್ರಗಿದ್ದೀನಿ, ಕಳ್ಳ ಅಲ್ರೀ!

ಹಗರಿಬೊಮ್ಮನಹಳ್ಳಿಯಲ್ಲಿ ಸಂತೆಯ ಮರುದಿನ. ಕೊಳೆತ ಟೊಮೆಟೊ, ಉಳ್ಳಾಗಡ್ಡಿ ಸಿಪ್ಪೆ, ಎಲೆಕೋಸಿನ ಹೊರಪದರಗಳ ರಾಶಿ. ಪಕ್ಕದ ಹರಕು ಚೀಲದೊಳಗಿಂದ ಯಾರೋ ಕೆಮ್ಮಿದರು. ನೋಡಿದರೆ ಬಳ್ಳಾರಿ ಜಾಲಿಯ ಇದ್ದಿಲು! ಮೂಗಿಗೆ ಟವೆಲ್ ಒತ್ತಿಕೊಂಡೇ ಮಾತಿಗೆ ಕೂತೆ.

ಈಗ ನೀವು ವಿಜಯನಗರ ಜಿಲ್ಲೆಯವರು. ಹೆಸರು ಇನ್ನೂ ಬಳ್ಳಾರಿ ಜಾಲಿಯೇ?

2021ರಾಗ ಜಿಲ್ಲೆ ಬ್ಯಾರೆ ಆತು. ಹೆಸರು ತಿದ್ದಾಕ ನಾ ಅರ್ಜಿ ಹಾಕಿಲ್ರಿ. ಹರಪನಹಳ್ಳಿ ನೋಡ್ರಿ, 1997ರಾಗ ದಾವಣಗೆರೆಗೆ ಹೋತು, ತಿರುಗಿ ಬಳ್ಳಾರಿಗೆ ಬಂತು, ಈಗ ವಿಜಯನಗರ. ಅದಕ್ಕಿಂತ ಹೆಚ್ಚು ಓಡಾಡೋದಂದ್ರ ಈ ತಿಪ್ಯಾಗಿನ ಸಾರಜನಕ ಒಂದ.

ಅದು ಓಡಾಡುತ್ತದೆಯೇ?

ಟವೆಲ್ ತೆಗೀರಿ. ಕಣ್ಣಾಗ ನೀರು ಬಂತಲ್ಲ? ಅದ ಅಮೋನಿಯ. ತರಕಾರಿ ಕಸದಾಗ ಇಂಗಾಲ ಕಡಿಮಿ, ಸಾರಜನಕ ಜಾಸ್ತಿ, ನೀರಂತೂ ಕೇಳಬ್ಯಾಡ್ರಿ. ರಾಶಿ 55–60 ಡಿಗ್ರಿಗೆ ಕಾಯ್ತಂದ್ರ ಸಾರಜನಕ ಗಾಳಿಗೆ ಹಾರ್ತೈತಿ. ಹಡಗಲಿ ಮಲ್ಲಿಗಿ ವಾಸನೆಗೆ ಜಿಐ ಗುರುತು ಕೊಟ್ರು. ಈ ವಾಸನೆಗೂ ರೊಕ್ಕ ಐತಿ ಅಂತ ಯಾರೂ ಹೇಳವಲ್ರು. ಆಮ್ಯಾಲೆ ಬೆಳಿ ಹಳದಿ ಆತಂತ 45 ಕೆಜಿ ಯೂರಿಯಾ ಚೀಲಕ್ಕ ಪಾಳಿ ಹಚ್ಚೋರು ನೀವ.

ನೀವೇನು ಮಾಡುತ್ತೀರಿ?

ನನ್ನ ಮೈಯೆಲ್ಲ ತೂತು. ಗಾಳಿ ಸಿಗದಂಗ ಬೆಂದವ ನಾ. ಅಮೋನಿಯಂ ಬಂದ್ರ ಹಿಡ್ಕೊಂಡು, ನಿಧಾನಕ್ಕ ಬೇರಿಗೆ ಬಿಡ್ತೀನಿ. ಕಸದ ಒಣ ತೂಕದಾಗ ನೂರಕ್ಕ ಹತ್ತು ಪಾಲು ನನ್ನ ಪುಡಿ ತಿಪ್ಪಿಗೆ ಹಾಕ್ರಿ, ಜೊತಿಗೆ ಸೇಂಗಾ ಹೊಟ್ಟು, ಜೋಳದ ದಂಟು. ಪೂರಾ ತಡೀತೀನಿ ಅನ್ನಂಗಿಲ್ಲ. ನಾ ಎಲೆಕ್ಷನ್‌ಗೆ ನಿಂತಿಲ್ಲ.

ಒಲೆಯ ಬೂದಿ ಸುರಿದರೆ ಸಾಲದೇ?

(ಚಟ್ಟನೆ ಸಿಡಿದು) ಅವನ ಸುದ್ದಿ ಎತ್ತಬ್ಯಾಡ್ರಿ! ಬೂದಿ ಸುಣ್ಣದಂಗ ಕ್ಷಾರ. ಅದು ಬಿದ್ರ ಅಮೋನಿಯ ಇನ್ನೂ ಜೋರು ಓಡ್ತೈತಿ. ಒಂದ ಮನಿ ಮಕ್ಕಳಾದ್ರೂ ಗುಣ ಬ್ಯಾರೆ.

ನಿಮ್ಮನ್ನು ಸೀದಾ ಹೊಲಕ್ಕೆ ಹಾಕಿದರೆ?

ಹಸಿದ ಹೊಟ್ಟಿಲೆ ಕಳಿಸಿದ್ರ ಬೆಳಿ ತುತ್ತಿಗೇ ಕೈ ಹಾಕ್ತೀನಿ. ತಿಪ್ಯಾಗ ಉಂಡು ಹೋಗೋದ ಚಲೋ.

ಮೈಲಾರದ ಜಾತ್ರೆಯಲ್ಲಿ ಭವಿಷ್ಯ ಹೇಳುವ ಗೊರವಯ್ಯನಂತೆ ಒಂದು ನುಡಿ?

ಕಾರಣಿಕ ನುಡಿಯಾಕ ಬಿಲ್ಲು ಏರಬೇಕ್ರಿ. ನಾ ಏರೋದು ಸಿಗಡಿ ಒಲಿ ಒಂದ.

ಅಷ್ಟರಲ್ಲಿ ಮೆಕ್ಕೆಜೋಳದ ತೆನೆ ಸುಡುವ ಗಾಡಿಯವನು ಬಂದು ದಪ್ಪ ತುಂಡುಗಳನ್ನೆಲ್ಲ ಆರಿಸಿಕೊಂಡು ಹೋದ. ತಳದಲ್ಲಿದ್ದ ಪುಡಿಯನ್ನು ಚರಂಡಿಗೆ ಕೊಡವಿದ. ತಿಪ್ಪೆಗೆ ಬೇಕಿದ್ದದ್ದು ಆ ಪುಡಿಯೇ.