ಗುಡ್ಡವಿಲ್ಲದ ಗುಡ್ಡಗಾಡು ಓಟ

ಕಳೆದ ಡಿಸೆಂಬರಿನಲ್ಲಿ ಪರಿಚಯದ ಕಾಲೇಜೊಂದರವರು ಗುಡ್ಡಗಾಡು ಓಟದ ಸ್ಪರ್ಧೆಗೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ಬಾವುಟ ಬೀಸುವುದು, ಎರಡು ಮಾತಾಡುವುದು, ಶಾಲು ಹೊದ್ದು ಬರುವುದು, ಇಷ್ಟೇ ಕೆಲಸ. ಬೀಸಿದೆ. ಹುಡುಗರು ಗೇಟು ದಾಟಿ, ಬೈಪಾಸ್ ರಸ್ತೆ ಹಿಡಿದು, ಪೆಟ್ರೋಲ್ ಬಂಕಿನವರೆಗೆ ಓಡಿ, ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಉಪನ್ಯಾಸಕರಿಂದ ಕೈಗೆ ಸೀಲು ಒತ್ತಿಸಿಕೊಂಡು, ಅದೇ ರಸ್ತೆಯಲ್ಲಿ ವಾಪಸು ಬಂದರು. ದಾರಿಯುದ್ದಕ್ಕೂ ಅವರು ಹತ್ತಿ ಇಳಿದದ್ದೆಂದರೆ ಎರಡು ರೋಡ್ ಹಂಪು. ಗುಡ್ಡ ಇದ್ದದ್ದು ಬ್ಯಾನರಿನಲ್ಲಿ ಮಾತ್ರ. ಎರಡು ಹಸಿರು ಗುಡ್ಡ, ನಡುವೆ ಹುಟ್ಟುವ ಸೂರ್ಯ.

ಕ್ರಾಸ್ ಕಂಟ್ರಿ ಎಂಬ ಇಂಗ್ಲಿಷ್ ಹೆಸರಿಗೆ ಗುಡ್ಡದ ಹಂಗಿಲ್ಲ. ಹೊಲ, ಗದ್ದೆ, ಬಯಲು ದಾಟಿದರೆ ಸಾಕು. ನಮ್ಮ ಪತ್ರಿಕೆಗಳವರು ಉದಾರಿಗಳು, ಗುಡ್ಡಗಾಡು ಓಟ ಎಂದು ಕರೆದು ಗುಡ್ಡವನ್ನೂ ಸೇರಿಸಿದರು. ಹೆಸರಿಗೆ ಗುಡ್ಡ ಸೇರಿದ ಮೇಲೆ ಓಟಕ್ಕೆ ಅದರ ಅಗತ್ಯವಿಲ್ಲ ಎಂದು ಕೆಲವರು ತಿಳಿದಂತಿದೆ.

ಇದರ ಬಗ್ಗೆ ಮಾತಾಡಲು ನನಗೇನು ಅಧಿಕಾರ ಎಂದು ನೀವು ಕೇಳಬಹುದು. ಇದೆ. ಹೈಸ್ಕೂಲಿನ ಮೂರು ವರ್ಷವೂ ನಾನು ಈ ಓಟದಲ್ಲಿ ಓಡಿದ್ದೇನೆ. ಮೂರು ವರ್ಷವೂ ನನ್ನ ಹೆಸರು ಪಟ್ಟಿಯ ಕೆಳಗಿನಿಂದ ಹುಡುಕಿದರೆ ಬೇಗ ಸಿಗುತ್ತಿತ್ತು. ಮೊದಲು ಬರುವವನಿಗೆ ದಾರಿ ಕಾಣುವುದಿಲ್ಲ, ಅವನ ಕಣ್ಣೆಲ್ಲ ಗುರಿಯ ಮೇಲೆ. ದಾರಿಯನ್ನು ಪೂರ್ತಿ ನೋಡುವವನು ಹಿಂದೆ ಉಳಿದವನು. ಒಂದೊಂದು ಕಲ್ಲಿನ ಪರಿಚಯವೂ ಅವನಿಗೆ ಆಗಿರುತ್ತದೆ.

ನಮ್ಮದು ಮಲೆನಾಡಿನ ಒಂದು ಸಣ್ಣ ಊರು. ಪಿ.ಟಿ. ಮೇಷ್ಟ್ರು ಓಟದ ಹಿಂದಿನ ದಿನ ಅರ್ಧ ಗೋಣಿಚೀಲ ಸುಣ್ಣದ ಪುಡಿಯನ್ನು ನನ್ನ ಮತ್ತು ಇನ್ನೊಬ್ಬ ಹುಡುಗನ ಹೆಗಲಿಗೆ ಹೊರಿಸಿ ದಾರಿ ಗುರುತು ಮಾಡಲು ಹೊರಡುತ್ತಿದ್ದರು. ಅವರು ಮುಂದೆ, ತೆಂಗಿನ ಚಿಪ್ಪಿನಲ್ಲಿ ಸುಣ್ಣ ಹಿಡಿದು ಬಾಣ ಬರೆಯುತ್ತ. ನಾವು ಹಿಂದೆ, ಸೀನುತ್ತ. ಓಟ ಹೊರಡುವುದು ಕೊಯ್ಲಾದ ಗದ್ದೆಬಯಲಿನಿಂದ. "ಶಾಲೆ ಎದುರಿಂದಲೇ ಬಿಟ್ರೆ ಸುಲಭ ಅಲ್ವಾ ಸಾರ್?" ಎಂದು ಕೇಳಿದೆ. "ಶಾಲೆ ಎದುರಿಗೆ ಹಳ್ಳದ ಸಂಕ ಇದ್ಯಲ್ಲೋ. ನಲವತ್ತು ಜನ ಒಟ್ಟಿಗೆ ಸಂಕಕ್ಕೆ ನುಗ್ಗಿದ್ರೆ ಹತ್ತು ಜನ ದಾಟ್ತೀರಿ, ಉಳಿದವ್ರನ್ನ ಹಳ್ಳದಲ್ಲಿ ಹೆಕ್ಕಬೇಕು. ಮೊದ್ಲು ಬಯಲಲ್ಲಿ ಚೆದುರಿಕೊಳ್ಳಿ, ಸಂಕ ಆಮೇಲೆ" ಎಂದರು. ಎಷ್ಟೋ ವರ್ಷಗಳ ಮೇಲೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮಾವಳಿ ಕಣ್ಣಿಗೆ ಬಿತ್ತು. ಹೆಚ್ಚು ಜನ ಓಡುವಾಗ ಮೊದಲ 300 ಮೀಟರಿನಲ್ಲಿ ಇಕ್ಕಟ್ಟಾದ ಜಾಗ ಇರಕೂಡದು, ರಸ್ತೆ ದಾಟುವುದನ್ನು ಆದಷ್ಟು ತಪ್ಪಿಸಬೇಕು, ಉದ್ದುದ್ದ ನೇರ ದಾರಿ ಬೇಡ, ಏರಿಳಿತದ ನೆಲದಲ್ಲಿ ನಯವಾದ ತಿರುವುಗಳಿರಲಿ ಎಂದೆಲ್ಲ ಅದರಲ್ಲಿದೆ. ಮೇಷ್ಟ್ರು ಅದನ್ನು ಓದಿದವರಲ್ಲ. ಅವರು ಓದಿದ್ದು ನಮ್ಮ ಮಂಡಿಯ ಗಾಯಗಳನ್ನು.

ಗದ್ದೆಯ ಕೂಳೆ ಬರಿಗಾಲಿಗೆ ಚುಚ್ಚುತ್ತದೆ, ಹಾಗಾಗಿ ಅಲ್ಲಿ ಕಾಲು ತಾನಾಗಿ ಎತ್ತರ ಏಳುತ್ತದೆ. ಬದುವಿಗೆ ಬಂದರೆ ಅಗಲ ಒಂದೇ ಗೇಣು. ಹೆಜ್ಜೆಯ ಮುಂದೆ ಹೆಜ್ಜೆ ಇಡಬೇಕು, ದೊಂಬರಾಟದವರ ಹಾಗೆ. ಸಂಕ ದಾಟಿ ಕಾನು ಹೊಕ್ಕರೆ ದರಗಿನ ಹಾಸಿಗೆ. ಮೆತ್ತಗೆ ಇದೆಯಲ್ಲ ಎಂದು ಜೋರು ಮಾಡಿದಿರೋ, ಅಡಿಯಲ್ಲಿ ಅಡಗಿದ ಬೇರು ಎಡವಿಸುತ್ತದೆ. ಅಲ್ಲಿಂದ ಏರು. ತುದಿಗೆ ಜಂಬಿಟ್ಟಿಗೆಯ ಹಕ್ಕಲು. ಗೋಲಿಯಂಥ ಪುಡಿಗಲ್ಲು ಕಾಲಡಿ ಉರುಳುತ್ತದೆ. ಐದು ಕಿಲೋಮೀಟರಿನಲ್ಲಿ ಕಾಲಿಗೆ ಒಂದೇ ಲಯ ಐದು ನಿಮಿಷ ದಕ್ಕುತ್ತಿರಲಿಲ್ಲ. ಡಾಂಬರಿನ ಮೇಲಾದರೆ ಕಾಲು ಓಡುತ್ತದೆ, ಮನಸ್ಸು ಊಟದ ಬಗ್ಗೆ ಯೋಚಿಸುತ್ತದೆ. ಇಲ್ಲಿ ಮನಸ್ಸನ್ನು ಕಾಲಿಗೇ ಕಟ್ಟಿಹಾಕಬೇಕು.

ಏರನ್ನು ಅವರು ಕೊನೆಗಿಡದೆ ನಡುವೆ ಇಟ್ಟದ್ದಕ್ಕೂ ಲೆಕ್ಕವಿತ್ತು. "ಏರಲ್ಲಿ ಶಕ್ತಿ ಇದ್ದವ ಗೆಲ್ತಾನೆ, ಇಳಿಜಾರಲ್ಲಿ ಧೈರ್ಯ ಇದ್ದವ. ಎರಡೂ ಇಲ್ಲದ ನಿನ್ನಂಥವ್ರಿಗೆ ಅಂತ ಆಮೇಲೆ ಬಯಲು ಇಟ್ಟಿದೀನಿ." ಇದು ಬೈಗುಳವೋ ಕರುಣೆಯೋ ಎಂದು ನನಗೆ ಆಗ ಗೊತ್ತಾಗಲಿಲ್ಲ. ಒಳ್ಳೆಯ ದಾರಿಯಲ್ಲಿ ಎಲ್ಲರಿಗೂ ಒಂದೊಂದು ಪಾಲಿರುತ್ತದೆ, ಒಳ್ಳೆಯ ಪ್ರಶ್ನೆಪತ್ರಿಕೆಯ ಗುಣವೂ ಅದೇ. ಜಾಣನಿಗೆ ಒಂದು ಪ್ರಶ್ನೆ, ಪಾಸಾಗುವವನಿಗೆ ಒಂದು.

ಮೇಷ್ಟ್ರ ಬಳಿ ಸ್ಟಾಪ್ ವಾಚ್ ಇತ್ತು, ಆದರೆ ಈ ಓಟಕ್ಕೆ ತರುತ್ತಿರಲಿಲ್ಲ. ಯಾಕೆಂದು ಆಮೇಲೆ ತಿಳಿಯಿತು. ಗುಡ್ಡಗಾಡು ಓಟದಲ್ಲಿ ವಿಶ್ವದಾಖಲೆ ಎಂಬುದೇ ಇಲ್ಲ. ಒಂದೂರಿನ ಗುಡ್ಡವನ್ನು ಇನ್ನೊಂದೂರಿನ ಗುಡ್ಡದ ಜೊತೆ ಹೇಗೆ ತೂಗುತ್ತೀರಿ? ಇಲ್ಲಿ ಎಣಿಸುವುದು ಸ್ಥಾನವನ್ನು ಮಾತ್ರ. ತಂಡದವರ ಸ್ಥಾನಗಳನ್ನು ಕೂಡಿದಾಗ ಯಾರದು ಕಡಿಮೆಯೋ ಅವರು ಗೆದ್ದಂತೆ. ಕಡಿಮೆ ಅಂಕಕ್ಕೆ ಬಹುಮಾನ ಕೊಡುವ ಸ್ಪರ್ಧೆ ಇದೆಯೆಂದು ತಿಳಿದೇ ನಾನು ಇದಕ್ಕೆ ಸೇರಿದ್ದು.

ದಾರಿ ಕಷ್ಟವಿರಬೇಕು ನಿಜ, ಕೊಲ್ಲಬಾರದು. ಕೊಲ್ಲಲು ಹೊರಟ ದಾರಿಯ ಕಥೆ 1924ರ ಪ್ಯಾರಿಸ್ ಒಲಿಂಪಿಕ್ಸಿನದು. ಜುಲೈ ತಿಂಗಳ ಉರಿಬಿಸಿಲಿನಲ್ಲಿ, ಸೀನ್ ನದಿಯ ಬದಿಯ ಕಲ್ಲು ಮುಳ್ಳಿನ ದಾರಿಯಲ್ಲಿ 38 ಜನ ಹೊರಟರು, ಮುಗಿಸಿದವರು 15. ಉಳಿದವರಲ್ಲಿ ಎಷ್ಟೋ ಜನ ದಾರಿಯಲ್ಲೇ ಕುಸಿದರು. ಫಿನ್ಲೆಂಡಿನ ಪಾವೊ ನುರ್ಮಿ ಮಾತ್ರ ಪೇಟೆಯಿಂದ ತರಕಾರಿ ತಂದವರ ಹಾಗೆ ಬಂದು ಚಿನ್ನ ತೆಗೆದುಕೊಂಡರು. ಒಲಿಂಪಿಕ್ಸಿನಲ್ಲಿ ಈ ಓಟ ಅದೇ ಕೊನೆ. ಒಂದು ಕೆಟ್ಟ ದಾರಿ ಇಡೀ ಆಟವನ್ನೇ ಹೊರಹಾಕಿಸಿತು. ಕಷ್ಟಕ್ಕೂ ಹದ ಉಂಟೆಂದು ತೋರಿಸಿದವರು ಡೆನ್ಮಾರ್ಕಿನವರು. 2019ರಲ್ಲಿ ಆರ್ಹುಸ್ ನಗರದ ವಿಶ್ವ ಸ್ಪರ್ಧೆಯಲ್ಲಿ ಓಟಗಾರರನ್ನು ಮ್ಯೂಸಿಯಮ್ಮಿನ ಚಾವಣಿ ಹತ್ತಿಸಿದರು. ಇಳಿಜಾರಾದ, ಹುಲ್ಲು ಬೆಳೆಸಿದ ಚಾವಣಿ ಅದು. ಪ್ರತಿ ಸುತ್ತಿಗೂ ಒಮ್ಮೆ ಹತ್ತಬೇಕು. ಸುತ್ತು ಹಾಕಿಸುವುದರಿಂದ ನೋಡುವವರಿಗೂ ಲಾಭ. ನಿಂತಲ್ಲೇ ನಿಂತು ಒಬ್ಬನನ್ನೇ ನಾಲ್ಕೈದು ಸಲ ಹುರಿದುಂಬಿಸಬಹುದು. ಬೈಪಾಸಿನ ಓಟದಲ್ಲಿ ನಾನು ಹುಡುಗರನ್ನು ಕಂಡದ್ದು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ನಡುವೆ ಕಂಡದ್ದು ಉಪ್ಪಿಟ್ಟು.

ಮೇಷ್ಟ್ರ ದಾರಿ ಒಂದೇ ಒಂದು ಸಲ ಕೈಕೊಟ್ಟಿತು. ನಾನು ಹತ್ತನೇ ಕ್ಲಾಸಿನಲ್ಲಿದ್ದ ವರ್ಷ. ಬಾಣ ಬರೆದ ರಾತ್ರಿಯೇ ಅಕಾಲದ ಮಳೆ ಹೊಡೆದು ಸುಣ್ಣವೆಲ್ಲ ತೊಳೆದುಹೋಯಿತು. ಮುಂದಿದ್ದವರು ಹೇಗೋ ಸರಿದಾರಿ ಹಿಡಿದರು. ಹಿಂದಿದ್ದ ನಾವು ಏಳೆಂಟು ಜನ ಕಾನಿನಲ್ಲಿ ಗಾಡಿದಾರಿ ಹಿಡಿದು, ದಣಪೆ ಹಾರಿ, ಅಡಿಕೆ ತೋಟ ನುಗ್ಗಿ, ಒಂದು ಮನೆಯ ಅಂಗಳಕ್ಕೆ ಬಂದು ಬಿದ್ದೆವು. ನೆನೆದ ಅಡಿಕೆಯನ್ನು ಆಗಷ್ಟೇ ಹರವುತ್ತಿದ್ದ ಅಮ್ಮ ಗಾಬರಿಯಾದರು.

"ಅಯ್ಯೋ ಮಕ್ಕಳಾ, ಯಾರು ಅಟ್ಟಿಸಿಕೊಂಡು ಬಂದ್ರೋ?"

"ಯಾರೂ ಇಲ್ಲ ಅಮ್ಮಾ, ಕಾಂಪಿಟೇಷನ್ನು."

"ಯಾರೂ ಅಟ್ಟಿಸದೆ ಹೀಗೆ ಓಡೋದೇ? ಕೂತ್ಕೊಳ್ಳಿ, ಬೆಲ್ಲ ತರ್ತೀನಿ."

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಈ ಓಟ ಇಂಗ್ಲೆಂಡಿನ ಶಾಲೆಗಳಲ್ಲಿ ಹುಟ್ಟಿದ್ದೇ ಅಟ್ಟಿಸುವ ಆಟವಾಗಿ. ಇಬ್ಬರು ಹುಡುಗರು ಮೊಲಗಳಾಗಿ ಕಾಗದದ ಚೂರು ಚೆಲ್ಲುತ್ತ ಮುಂದೆ ಓಡುವುದು, ಉಳಿದವರು ಬೇಟೆನಾಯಿಗಳಾಗಿ ಆ ಜಾಡು ಹಿಡಿದು ಹೋಗುವುದು. 1868ರಲ್ಲಿ ಶುರುವಾದ ಲಂಡನ್ನಿನ ಹಳೆಯ ಕ್ಲಬ್ಬಿನ ಹೆಸರೇ ಥೇಮ್ಸ್ ಹೇರ್ ಅಂಡ್ ಹೌಂಡ್ಸ್. ನಾವು ಮಾತ್ರ ಜಾಡು ತಪ್ಪಿ ಬೆಲ್ಲ, ಮಜ್ಜಿಗೆ ಸಿಕ್ಕಿದ ನಾಯಿಗಳು.

ತಡವಾಗಿ ಬಯಲಿಗೆ ಇಳಿದಾಗ ಮೇಷ್ಟ್ರು ಗುರಿಯ ಹಗ್ಗ ಬಿಚ್ಚದೆ ಒಬ್ಬರೇ ನಿಂತಿದ್ದರು. ಬೈಯಲಿಲ್ಲ. "ದಾರಿ ನಂದೇ ತಪ್ಪು" ಎಂದು, ಉಪ್ಪು ಹಚ್ಚಿದ ನಿಂಬೆ ಹೋಳೂ ಸ್ಥಾನದ ಅಂಕಿ ಬರೆದ ತಗಡಿನ ಬಿಲ್ಲೆಯೂ ಕೈಗಿಟ್ಟರು.

ಓಟದ ದಾರಿ ಗುರುತು ಮಾಡುವ ಮೇಷ್ಟ್ರುಗಳೇ, ಬೈಪಾಸಿನಿಂದ ಒಂದು ಮೈಲಿ ಒಳಗೆ ನಡೆದರೆ ಈಗಲೂ ಗದ್ದೆಯಿದೆ, ಹಕ್ಕಲಿದೆ, ಕೆರೆ ಏರಿಯಿದೆ. ಮೊದಲು ನೀವೇ ಬರಿಗಾಲಲ್ಲಿ ಒಮ್ಮೆ ನಡೆದು ನೋಡಿ, ನಿಧಾನವಾಗಿ, ಹಿಂದೆ ಉಳಿಯುವ ಹುಡುಗನ ವೇಗದಲ್ಲಿ. ಆಮೇಲೆ ಸುಣ್ಣ ಹಾಕಿ. ಬಾನಿನ ಕಡೆಯೂ ಒಮ್ಮೆ ನೋಡಿ.

ಆ ಬಿಲ್ಲೆ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಅದರ ಮೇಲಿರುವ ಅಂಕಿ 41. ಅವತ್ತು ಓಡಿದವರು 42 ಜನ. ಉಳಿದೊಬ್ಬ ಎರಡನೇ ಲೋಟ ಮಜ್ಜಿಗೆಗೆ ಕೂತಿದ್ದ.