ಅರ್ಜಿ ಹಾಕುವ ಮಹನೀಯರಿಗೆ, ದಾನದ ಗುಮಾಸ್ತನ ಪತ್ರ

ಕೆಂಗೇರಿಯ ಸಂಜೆ ಪಾಠಶಾಲೆಯ ಮೇಷ್ಟ್ರೇ, ವಿಜಯನಗರದ ಹೊಲಿಗೆ ಕ್ಲಾಸಿನ ಅಕ್ಕನವರೇ, ಬಸವೇಶ್ವರನಗರದ ವೃದ್ಧಾಶ್ರಮದ ಕಾರ್ಯದರ್ಶಿಗಳೇ,

ನಿಮ್ಮ ಅರ್ಜಿ ತಲುಪಿದೆ. ಪೂರ್ತಿ ತಲುಪಿಲ್ಲ. ಅನುಬಂಧ ಏಳು ಕಾಣೆಯಾಗಿದೆ.

ನಾನು ರಾಜಾಜಿನಗರದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿ ಮೇಲೆ, ಒಂದು ಕುಟುಂಬದವರ ಚಾರಿಟಬಲ್ ಟ್ರಸ್ಟಿನಲ್ಲಿ ಗ್ರಾಂಟ್ಸ್ ಮ್ಯಾನೇಜರ್. ವಿಸಿಟಿಂಗ್ ಕಾರ್ಡಿನಲ್ಲಿ ಹಾಗಿದೆ. ಮನೆಯಲ್ಲಿ ಹೆಂಡತಿ ಕರೆಯುವುದು ದಾನದ ಗುಮಾಸ್ತ ಅಂತ. ನಮ್ಮ ದೊಡ್ಡ ಯಜಮಾನ್ರು ಇಂಡಸ್ಟ್ರಿಯಲ್ ಟೌನಿನಲ್ಲಿ ಎರಡು ಲೇತ್ ಮಿಷನ್ನಿನಿಂದ ಮೇಲೆ ಬಂದವರು. ಅವರ ಕಾಲದಲ್ಲಿ ನನ್ನ ಹುದ್ದೆ ಇರಲಿಲ್ಲ. ಯಾರಾದರೂ ಕೇಳಿಕೊಂಡು ಬಂದರೆ ಜೇಬಿಗೆ ಕೈ ಹಾಕುತ್ತಿದ್ದರು, ಇಲ್ಲವೇ ಬೈದು ಕಳಿಸುತ್ತಿದ್ದರು. ಎರಡೂ ಐದು ನಿಮಿಷದ ಕೆಲಸ. ಈಗ ಅದಕ್ಕೆ ನಾಲ್ಕೂವರೆ ತಿಂಗಳು ಹಿಡಿಯುತ್ತದೆ. ಆ ನಾಲ್ಕೂವರೆ ತಿಂಗಳೇ ನಾನು.

ನೀವು ನನ್ನ ಮೇಲೆ ಗೊಣಗುವುದು ನನಗೆ ಗೊತ್ತು. ನಲವತ್ತು ಸಾವಿರಕ್ಕೆ ಹತ್ತೊಂಬತ್ತು ಅನುಬಂಧವೇ ಅಂತ. ಟ್ರಸ್ಟ್ ಡೀಡ್, ಪ್ಯಾನ್, ದರ್ಪಣ್ ನಂಬರು, ಮೂರು ವರ್ಷದ ಆಡಿಟ್ ರಿಪೋರ್ಟು, 12ಎ, 80ಜಿ. ಇವುಗಳಲ್ಲಿ ಅರ್ಧ ಸರ್ಕಾರ ನನ್ನಿಂದ ಕೇಳುತ್ತದೆ, ನಾನು ನಿಮ್ಮಿಂದ ಕೇಳುತ್ತೇನೆ. 12ಎ ಅನ್ನುವ ಆದಾಯ ತೆರಿಗೆ ನೋಂದಣಿ ಹಿಂದೆ ಒಮ್ಮೆ ಕೈಗೆ ಬಂದರೆ ಫ್ರೇಮು ಹಾಕಿಸಿ ದೇವರ ಪಟದ ಪಕ್ಕ ನೇತುಹಾಕುವ ವಸ್ತುವಾಗಿತ್ತು. 2021ರ ಏಪ್ರಿಲ್‌ನಿಂದ ಅದು ಅವಧಿ ನಮೂದಾದ ಸರಕು, ಹಾಲಿನ ಪ್ಯಾಕೆಟ್ಟಿನ ಹಾಗೆ. ಕೊಟ್ಟವರ ಹೆಸರು, ಪ್ಯಾನು, ಮೊತ್ತ ಎಲ್ಲ ಸೇರಿಸಿ ಮೇ 31ರೊಳಗೆ 10ಬಿಡಿ ಎಂಬ ಫಾರಂ ಸಲ್ಲಿಸಬೇಕು, ತಡವಾದರೆ ದಿನಕ್ಕೆ 200 ರೂಪಾಯಿ. ಇನ್ನರ್ಧ ಅನುಬಂಧಗಳು ಯಜಮಾನ್ರ ಚಿಕ್ಕ ಸೊಸೆಯವರ ಕೊಡುಗೆ. ಅವರು ಒಂದು ವಾರದ ಆನ್‌ಲೈನ್ ಕೋರ್ಸ್ ಮಾಡಿ ಬಂದ ಮೇಲೆ 'ಥಿಯರಿ ಆಫ್ ಚೇಂಜ್' ಅಂತ ಒಂದು ಕಾಲಂ ಹುಟ್ಟಿತು. ಅದರಲ್ಲಿ ಮೇಷ್ಟ್ರು ನೀವು ಬರೆದದ್ದು: 'ಮಕ್ಕಳು ಪಾಠ ಕಲಿತರೆ ಪಾಸಾಗುತ್ತಾರೆ.' ನನಗೆ ಸರಿ ಅನ್ನಿಸಿತು. ಆದರೆ 300 ಪದಕ್ಕೆ ಕಡಿಮೆ ಇದೆ.

ನಮ್ಮ ನಾಡಿನಲ್ಲಿ ಈ ದಾನದ ಕೆಲಸ ಮೊದಲು ಹೀಗಿರಲಿಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದಳು. ಆಗ ನಾನಿದ್ದಿದ್ದರೆ ಕಡತದ ಮೇಲೆ ಬರೆಯುತ್ತಿದ್ದೆ: 'ಪ್ರತಿಗಳು ಔಟ್‌ಪುಟ್ ಮಾತ್ರ, ಔಟ್‌ಕಮ್ ಎಲ್ಲಿ? ಓದಿದವರ ಸಹಿ ಪಟ್ಟಿ ಲಗತ್ತಿಸಿ.' ಗುಬ್ಬಿ ತೋಟದಪ್ಪನವರು 1903ರಲ್ಲಿ ಬೆಂಗಳೂರಿನ ರೈಲ್ವೆ ಸ್ಟೇಷನ್ ಎದುರು ಛತ್ರ ಕಟ್ಟಿಸಿ, ಓದುವ ಹುಡುಗರಿಗೆ ವಸತಿಯ ದಾರಿ ಮಾಡಿದರು. 'ಮೂರು ವರ್ಷದ ನಂತರ ನಿಮ್ಮ ನಿರ್ಗಮನ ಯೋಜನೆ ಏನು?' ಎಂದು ಅವರನ್ನು ಕೇಳಲು ಅಲ್ಲಿ ನನ್ನಂಥವನು ಇರಲಿಲ್ಲ. ಅದಕ್ಕೇ ಇರಬೇಕು, ಅವರ ದಾನ ಇನ್ನೂ ನಿರ್ಗಮಿಸಿಲ್ಲ.

ಹಳೆಯ ದಾನಶಾಸನಗಳೂ ಅಷ್ಟೆ. ಕೊಟ್ಟವರು ಯಾರು, ಪಡೆದವರು ಯಾರು, ಎಷ್ಟು ಗದ್ದೆ, ಗಡಿ ಯಾವ ಮರ ಯಾವ ಬಂಡೆ. ಅವಧಿ, ಸೂರ್ಯಚಂದ್ರರಿರುವ ತನಕ. ಕೆಡಿಸಿದವರಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ. ಇಡೀ ಒಪ್ಪಂದ ಒಂದು ಕಲ್ಲಿನಲ್ಲಿ ಮುಗಿಯಿತು. ನಮ್ಮ ಎಂಒಯು 22 ಪುಟ, ಅವಧಿ ಹನ್ನೊಂದು ತಿಂಗಳು, ಗೋವಿನ ಜಾಗದಲ್ಲಿ 'ಬೆಂಗಳೂರು ನ್ಯಾಯಾಲಯಗಳ ವ್ಯಾಪ್ತಿಗೆ ಒಳಪಟ್ಟು' ಅಂತಿದೆ. ದಾನ ಕೊಡುವುದಕ್ಕಿಂತ ಕೊಟ್ಟ ದಾನವನ್ನು ಕಾಪಾಡುವುದೇ ಹೆಚ್ಚಿನದು ಎಂಬ ಮಾತು ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಹೋದ ವರ್ಷ ಸಂಬಳ ಜಾಸ್ತಿ ಕೇಳುವಾಗ ನಾನದನ್ನು ಪ್ರಸ್ತಾಪಿಸಿದ್ದೆ. ಐದು ಪರ್ಸೆಂಟ್ ಕೊಟ್ಟರು.

ಐದು ಪರ್ಸೆಂಟ್ ಅಂದಾಗ ನೆನಪಾಯಿತು. ನಿಮ್ಮ ಬಜೆಟ್ಟಿನಲ್ಲಿ ಆಡಳಿತ ವೆಚ್ಚ ಐದು ಪರ್ಸೆಂಟ್ ದಾಟಬಾರದು. ವಿದೇಶಿ ದೇಣಿಗೆ ಪಡೆಯುವವರಿಗೆ ಸರ್ಕಾರ 2020ರಲ್ಲಿ ಈ ಮಿತಿಯನ್ನು 50ರಿಂದ 20ಕ್ಕೆ ಇಳಿಸಿತು. ಕಂಪನಿಗಳು ತಮ್ಮ ಸಿಎಸ್‌ಆರ್ ನಡೆಸುವ ಆಡಳಿತ ಖರ್ಚಿಗೆ ಐದೇ ಮಿತಿ. ಎರಡೂ ನಮಗೆ ಅನ್ವಯಿಸುವುದಿಲ್ಲ. ಆದರೂ ಚಿಕ್ಕ ಸಂಖ್ಯೆ ಚೆನ್ನಾಗಿ ಕಾಣುತ್ತದೆಂದು ಯಜಮಾನ್ರ ಮನೆಯ ಅಮ್ಮಾವ್ರು ಅದನ್ನೇ ಆರಿಸಿಕೊಂಡರು. ಬಾಡಿಗೆ ಆಡಳಿತ ವೆಚ್ಚ. ಕರೆಂಟ್ ಬಿಲ್ಲು ಆಡಳಿತ ವೆಚ್ಚ. ಮೇಷ್ಟ್ರ ಗೌರವಧನವೂ ಆಡಳಿತ ವೆಚ್ಚ. ಪಾಠ ಹೇಳುವುದಕ್ಕೆ ಪಾಠಶಾಲೆಯ ಬಜೆಟ್ಟಿನಲ್ಲಿ ಬೇರೆ ತಲೆಬರಹ ಸಿಗಲಿಲ್ಲ. ಇದನ್ನೆಲ್ಲ ಕೆಂಪು ಪೆನ್ನಿನಿಂದ ಹೊಡೆದುಹಾಕುವವನು ನಾನು. ನನ್ನ ಸಂಬಳ, ಕುರ್ಚಿ, ಫ್ಯಾನು, ಆ ಕೆಂಪು ಪೆನ್ನು, ನಮ್ಮ ಟ್ರಸ್ಟಿನ ಲೆಕ್ಕದಲ್ಲಿ ಪೂರ್ತಿ ಆಡಳಿತ ವೆಚ್ಚವೇ.

ಈಗ ಬ್ಯಾಗಿನ ವಿಷಯ. ಮೇಷ್ಟ್ರೇ, ಮೂರು ವರ್ಷವೂ ನೀವು ಕೇಳಿದ್ದು ಶೀಟಿನ ಕೋಣೆಯ ಬಾಡಿಗೆ, ನಾವು ಕೊಟ್ಟಿದ್ದು ಸ್ಕೂಲ್ ಬ್ಯಾಗು. ಅದು ಬರೀ ನಮ್ಮ ಹಟವಲ್ಲ, ಲೆಕ್ಕವೂ ಇದೆ. ಟ್ರಸ್ಟು ತನ್ನ ವರ್ಷದ ಆದಾಯದಲ್ಲಿ 85 ಪರ್ಸೆಂಟನ್ನು ಧರ್ಮಕಾರ್ಯಕ್ಕೆ ಖರ್ಚು ಮಾಡಬೇಕು. 2023ರ ಹಣಕಾಸು ಕಾಯ್ದೆ ಬಂದ ಮೇಲೆ, ನಿಮ್ಮಂಥ ನೋಂದಾಯಿತ ಟ್ರಸ್ಟಿಗೆ ನಾವು 100 ರೂಪಾಯಿ ದೇಣಿಗೆ ಕೊಟ್ಟರೆ ಖರ್ಚೆಂದು ಹಿಡಿಯುವುದು 85 ಮಾತ್ರ. ಅದೇ 100 ರೂಪಾಯಿಗೆ ನಾವೇ ಬ್ಯಾಗು ಕೊಂಡು ನಿಮ್ಮ ಮಕ್ಕಳ ಹೆಗಲಿಗೆ ಹಾಕಿದರೆ ಪೂರ್ತಿ 100. ಜೊತೆಗೆ ಬ್ಯಾಗಿನ ಮೇಲೆ ದೊಡ್ಡ ಯಜಮಾನ್ರ ಫೋಟೋ ಅಚ್ಚಾಗುತ್ತದೆ. ಬಾಡಿಗೆ ರಸೀದಿಯ ಮೇಲೆ ಫೋಟೋ ಎಲ್ಲಿ ಹಾಕುವುದು?

ಹೋದ ತಿಂಗಳು ವಿಜಯನಗರದ ಮಾರ್ಕೆಟ್ಟಿನಲ್ಲಿ ಒಬ್ಬ ಹೆಂಗಸು ಸೊಪ್ಪು ಆರಿಸುತ್ತಿದ್ದರು. ಹೆಗಲಲ್ಲಿ ನಮ್ಮದೇ ಬ್ಯಾಗು, 2023ರ ನೀಲಿ ಬಣ್ಣದ್ದು. ಜಿಪ್ಪು ಕಿತ್ತಿತ್ತು, ಪಿನ್ನು ಚುಚ್ಚಿದ್ದರು. ಒಳಗೆ ತುರುಕಿದ ಕೊತ್ತಂಬರಿ ಕಟ್ಟು ಯಜಮಾನ್ರ ತಲೆಯ ಹಿಂದೆ ಎದ್ದು ನಿಂತಿತ್ತು, ಉತ್ಸವಮೂರ್ತಿಗೆ ಪ್ರಭಾವಳಿ ಕಟ್ಟಿದ ಹಾಗೆ. ಮಗು ಎಲ್ಲಿ ಓದುತ್ತದೆ ಅಂತ ಕೇಳಿದೆ. 'ಕೆಂಗೇರಿಲಿ ನಮ್ಮಕ್ಕನ ಮನೇಲಿದ್ದು ಸಂಜೆ ಪಾಠಕ್ಕೆ ಹೋಗ್ತಿದ್ದ ಸಾರ್. ಈಗ ಇಲ್ಲೇ ಅವ್ನೆ. ಬ್ಯಾಗ್ ಮೂರು ಅವೆ, ಪಾಠದ ಮನೆ ಖಾಲಿ ಮಾಡ್ಸಿದ್ರು' ಅಂದರು. ಮೇಷ್ಟ್ರೇ, ಇದು ನಿಮ್ಮ ಅರ್ಧವಾರ್ಷಿಕ ವರದಿಯಲ್ಲಿ ಇರಲಿಲ್ಲ. ಇರಲು ಕಾಲಂ ಇಲ್ಲ, ಒಪ್ಪಿದೆ.

ಅಮೆರಿಕದಲ್ಲಿ ಮೆಕೆಂಜಿ ಸ್ಕಾಟ್ ಅನ್ನುವವರು 2020ರಿಂದ ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಹಂಚಿದ್ದಾರೆ. ಬಹುಪಾಲು 'ಹೇಗೆ ಬೇಕೋ ಹಾಗೆ ಬಳಸಿಕೊಳ್ಳಿ' ಅಂತ. ಬಾಡಿಗೆಗೂ ಆಗುತ್ತದೆ, ಸಂಬಳಕ್ಕೂ ಆಗುತ್ತದೆ. ಭಾನುವಾರ ತಿಂಡಿಯ ನಂತರ ನಡೆಯುವ ಟ್ರಸ್ಟಿಗಳ ಸಭೆಯಲ್ಲಿ ನಾನಿದನ್ನು ಓದಿ ಹೇಳಿದೆ. ದೊಡ್ಡ ಸೊಸೆಯವರು, 'ಹಾಗಾದರೆ ನೀವು ಯಾತಕ್ಕೆ?' ಅಂದರು. ಖಾರಾಬಾತ್ ಚೆನ್ನಾಗಿತ್ತು.

ಒಂದು ಗುಟ್ಟು ಹೇಳುತ್ತೇನೆ. ಏಪ್ರಿಲ್‌ನಿಂದ ಫೆಬ್ರವರಿವರೆಗೆ ನೀವು ನಮ್ಮ ಬಾಗಿಲು ಕಾಯುತ್ತೀರಿ. ಮಾರ್ಚ್ ಹದಿನೈದು ದಾಟಿದರೆ ಆಡಿಟರ್ ಫೋನು ಬರುತ್ತದೆ: 85 ಆಗಿಲ್ಲ. ಆಮೇಲೆ ನಾನೇ ಬಾಗಿಲು ಬಾಗಿಲಿಗೆ ಫೋನ್ ಮಾಡುತ್ತೇನೆ. ಕಂಪ್ಯೂಟರ್ ಬೇಕೇ, ನೀರಿನ ಫಿಲ್ಟರ್ ಬೇಕೇ, ಈ ವಾರ ತೆಗೆದುಕೊಳ್ಳುತ್ತೀರಾ? ಆ ಎರಡು ವಾರ ಥಿಯರಿ ಆಫ್ ಚೇಂಜ್ ಯಾರೂ ಓದುವುದಿಲ್ಲ. ಖರ್ಚಾಗದ ಹಣವನ್ನು ಮುಂದಕ್ಕೆ ಉಳಿಸಿಕೊಳ್ಳಲು ಬೇರೆ ಫಾರಂ ಇದೆ, ಅದನ್ನು ತುಂಬುವುದಕ್ಕಿಂತ ಫಿಲ್ಟರ್ ಕೊಡುವುದು ಸುಲಭ.

ಹಾಗಾಗಿ ನನ್ನದೊಂದು ಮನವಿ. ಈ ಸಲ ಮಾರ್ಚ್‌ನಲ್ಲಿ ನಾನು ಫೋನ್ ಮಾಡಿದಾಗ ನೀವ್ಯಾರೂ 'ಆಗಲಿ ಸಾರ್' ಅನ್ನಬೇಡಿ. ಹೊಲಿಗೆ ಅಕ್ಕನವರು, ಆಶ್ರಮದವರು, ಮೇಷ್ಟ್ರು, ಎಲ್ಲರೂ ಒಂದೇ ಮಾತು ಹೇಳಿ: ಬ್ಯಾಗು ಬೇಡ, ಬಾಡಿಗೆ ಕೊಡಿ. 85 ಅಂತಲೇ ಲೆಕ್ಕ ಹಿಡಿಯಲಿ, ಆ ಹದಿನೈದಕ್ಕೆ ಯಾರೂ ಉಪವಾಸ ಬೀಳುವುದಿಲ್ಲ. ಮಾರ್ಚ್ 31 ಹತ್ತಿರವಿದ್ದಾಗ ನಮ್ಮವರು ಯಾವುದಕ್ಕೂ ಸಹಿ ಹಾಕುತ್ತಾರೆ. ನಿಮ್ಮ ಬೇಡಿಕೆಯನ್ನು ಭಾನುವಾರದ ಅಜೆಂಡಾದಲ್ಲಿ ಮೊದಲ ಐಟಂ ಮಾಡುವ ಜವಾಬ್ದಾರಿ ನನ್ನದು.

ಆ ಬೇಡಿಕೆಯ ಪತ್ರ ನಿಮ್ಮ ಲೆಟರ್‌ಹೆಡ್‌ನಲ್ಲೇ ಇರಲಿ. ಎರಡು ಪ್ರತಿ, ಸೀಲ್ ಸಹಿತ.

ಇಂತಿ ನಿಮ್ಮ,
ದಾನದ ಗುಮಾಸ್ತ