ಐದನೆಯವನು

ಪದವಿ ಕಾಲೇಜಿನ ಮೇಷ್ಟ್ರು ‘ಐದೈದು ಜನ ಗುಂಪು ಮಾಡ್ಕೊಳ್ರಪ್ಪ’ ಅಂದ ಗಳಿಗೆಯಲ್ಲೇ ಐದನೆಯವನು ಹುಟ್ಟುತ್ತಾನೆ. ಅಲ್ಲಿಯವರೆಗೂ ಅವನು ಎಲ್ಲರಂಥ ಹುಡುಗನೇ. ದೊಡ್ಡೇರಿಯಲ್ಲಿ ಬೆಳಗಿನ ಬಸ್ಸು ಹತ್ತಿ, ಬಾಗಿಲಲ್ಲಿ ನೇತಾಡಿಕೊಂಡು ಮಧುಗಿರಿಗೆ ಬಂದು, ಹಾಜರಿ ಕೂಗಿದಾಗ ‘ಎಸ್ ಸಾ’ ಅನ್ನುವವನು. ಗುಂಪು ಅಂದದ್ದೇ ತಡ, ನಾಲ್ವರು ಕೂತ ಬೆಂಚಿನ ತುದಿಗೆ ಬಂದು ಅರ್ಧಂಬರ್ಧ ಕೂತು, ‘ನನ್ ಹೆಸ್ರೂ ಹಾಕ್ಕಳ್ರೋ’ ಅನ್ನುತ್ತಾನೆ. ಇಡೀ ಸೆಮಿಸ್ಟರಿನಲ್ಲಿ ಪ್ರಾಜೆಕ್ಟಿನ ವಿಷಯವಾಗಿ ಅವನು ಆಡುವ ಪೂರ್ತಿ ಮಾತು ಇದೊಂದೇ.

ಹಾಗಂತ ಸುಮ್ಮನಿರುವ ಪೈಕಿಯಲ್ಲ. ವಾಟ್ಸಾಪ್ ಗ್ರೂಪು ಮಾಡುವವನೇ ಅವನು. ಅದಕ್ಕೆ ಮಧುಗಿರಿ ಬೆಟ್ಟದ ಫೋಟೊ ಹಾಕಿ, ದಿನಾ ಬೆಳಿಗ್ಗೆ ದೇವರ ಚಿತ್ರ ಕಳಿಸುತ್ತಾನೆ. ‘ಯಾರು ಯಾವ ಭಾಗ ಬರೀತೀರ?’ ಅಂತ ಮಿಡಿಗೇಶಿ ಹುಡುಗಿ ಕೇಳಿದರೆ ಮಾತ್ರ ಒಂದು ಹೆಬ್ಬೆಟ್ಟು. ಡಿಗ್ರಿ ಓದುವವರು ಹೆಬ್ಬೆಟ್ಟು ಒತ್ತುವುದನ್ನು ಅಲ್ಲೇ ನೋಡಬೇಕು. ಎಲ್ಲರೂ ಲೈಬ್ರರಿಯಲ್ಲಿ ಸೇರುವ ದಿನ ಅವರ ಮನೆಯಲ್ಲಿ ಕಡಲೆಕಾಯಿ ಕೀಳುವುದಿರುತ್ತದೆ. ಇದನ್ನು ಸುಳ್ಳು ಅನ್ನುವ ಹಾಗೂ ಇಲ್ಲ. ಮಾರನೇ ದಿನ ಉಗುರಿನಲ್ಲಿ ಮಣ್ಣು, ಜೇಬಿನಲ್ಲಿ ಗುಂಪಿಗೆಲ್ಲ ಆಗುವಷ್ಟು ಹಸಿ ಕಾಯಿ.

ಅವನ ಪ್ರತಿಭೆ ಬೆಳಗುವುದು ಕೊನೇ ದಿನ, ಜೆರಾಕ್ಸ್ ಅಂಗಡಿಯಲ್ಲಿ. ಅಂಗಡಿಯವನು ಅವನಿಗೆ ‘ಅಣ್ಣ’. ಕಾಲೇಜಿನ ಲಾಂಛನ ಹಿಗ್ಗಿ ಕುಂಬಳಕಾಯಿ ಆಗಿದ್ದರೆ ಕುಗ್ಗಿಸುವವನು, ಗುಲಾಬಿ ರಟ್ಟು ಬೇಡ ನೀಲಿ ಹಾಕು ಅನ್ನುವವನು, ಸ್ಪೈರಲ್ ಬೈಂಡಿಂಗಿನ ದುಡ್ಡು ಸಾಲ ಹೇಳುವವನು ಎಲ್ಲ ಅವನೇ. ಒಳಗಿನ ಮೂವತ್ತು ಪುಟದಲ್ಲಿ ಏನಿದೆಯೋ ಅವನಿಗೆ ಬೇಡ. ಮುಖಪುಟದಲ್ಲಿ ಐದು ಹೆಸರೂ ಒಂದೇ ಸೈಜಿನಲ್ಲಿರಬೇಕು.

ಇದೇನು ನಮ್ಮ ಕಡೆಯ ಹುಡುಗರ ಖಾಯಿಲೆಯಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗೆಲ್ಮನ್ ಜನರ ಕೈಯಲ್ಲಿ ಹಗ್ಗ ಎಳೆಸಿ, 1913ರಲ್ಲಿ ಲೆಕ್ಕ ಪ್ರಕಟಿಸಿದ. ಎಂಟು ಜನ ಒಟ್ಟಿಗೆ ಹಿಡಿದಾಗ ತಲಾ ಬಿದ್ದ ಜೋರು, ಒಬ್ಬೊಬ್ಬರೇ ಎಳೆದದ್ದರ ಅರ್ಧಕ್ಕೆ ಇಳಿದಿತ್ತು. ನಮ್ಮಲ್ಲಿ 2021ರಲ್ಲಿ ಹೊಸ ಶಿಕ್ಷಣ ನೀತಿ ಬಂದು ನೂರರಲ್ಲಿ 40 ಅಂಕ ಆಂತರಿಕ ಮೌಲ್ಯಮಾಪನಕ್ಕೆ ಹೋದಾಗ, ಹಗ್ಗ ಹಿಡಿದು ನಿಲ್ಲುವ ಕಲೆಗೆ ಬೆಲೆ ಬಂತು. ಮೇಷ್ಟ್ರಿಗೂ ಅನುಕೂಲವೇ: ಅರವತ್ತು ಉತ್ತರ ತಿದ್ದುವ ಕಡೆ ಹನ್ನೆರಡು ಬೈಂಡಿಂಗು. ಸ್ಟಾಫ್‌ರೂಮಿನ ನ್ಯಾಕ್ ಸಮಿತಿಯಲ್ಲೂ ಐವರಿರುತ್ತಾರೆ ನೋಡಿ. ಫೈಲು ಹೊರುವವರು ಅತಿಥಿ ಉಪನ್ಯಾಸಕರು. ತಂಡ ಬಂದ ದಿನ ಫೋಟೊದಲ್ಲಿ ನಡುವೆ ನಿಲ್ಲುವ ಐದನೆಯವರು ಯಾರೆಂದು ನಾನು ಹೇಳುವುದಿಲ್ಲ. ಪಿಂಚಣಿ ಹತ್ತಿರ ಇದೆ ಅವರಿಗೆ.

ಇರಲಿ. ಈ ಸಲದ ವಿಷಯ ‘ನಮ್ಮೂರಿನ ಚರಿತ್ರೆ’. ಐದನೆಯವನ ಗುಂಪು ದೊಡ್ಡೇರಿಯನ್ನು ಆರಿಸಿಕೊಂಡಿತ್ತು. ಓದಿದರೆ ರೋಮಾಂಚನ! 1695ರಲ್ಲಿ ಶಿರಾದ ಮೊಗಲ್ ಫೌಜುದಾರ ಕಾಸಿಂ ಖಾನನನ್ನು ಮರಾಠ ಸೇನಾನಿ ಸಂತಾಜಿ ಘೋರ್ಪಡೆ ದೊಡ್ಡೇರಿ ಕೋಟೆಯಲ್ಲಿ ಕೂಡಿಹಾಕಿದ್ದು, ಅನ್ನ ಮೇವಿಲ್ಲದೆ ದಂಡು ಕಂಗೆಟ್ಟದ್ದು, ಖಾನ ಅಲ್ಲೇ ಸತ್ತದ್ದು. ನಾಲ್ವರೂ ಮೊಬೈಲಿನಿಂದ ಇಳಿಸಿದ್ದನ್ನು ಸರದಿಯ ಮೇಲೆ ಒಪ್ಪಿಸಿದರು. ಮೇಷ್ಟ್ರು ಕನ್ನಡಕ ಏರಿಸಿ, ‘ನೀನೇನಪ್ಪ ಹೇಳ್ತೀಯ?’ ಅಂದರು.

‘ಅದು ನಮ್ ದೊಡ್ಡೇರಿ ಅಲ್ಲ ಸಾ. ಚಳ್ಳಕೆರೆ ತಾಲ್ಲೂಕಿಂದು.’

ಕ್ಲಾಸು ಗಪ್‌ಚುಪ್.

‘ನಿಂಗೆ ಹೆಂಗೋ ಗೊತ್ತು?’

‘ನಮ್ಮಕ್ಕನ್ನ ಅಲ್ಲಿಗೇ ಕೊಟ್ಟಿರೋದು ಸಾ. ಲಗ್ನಪತ್ರಿಕೇಲಿ ಬರೀ ದೊಡ್ಡೇರಿ ಅಂತ ಹಾಕ್ಸಿ, ಮಧುಗಿರಿ ಕಡೆಯೋರೆಲ್ಲ ನಮ್ಮೂರಿಗೇ ಬಂದ್ಬಿಟ್ಟಿದ್ರು. ಮದ್ವೆ ಅಲ್ಲಿ, ನೆಂಟ್ರು ಇಲ್ಲಿ.’

ಮಿಡಿಗೇಶಿ ಹುಡುಗಿಗೆ ಉರಿದುಹೋಯಿತು. ‘ಮುಂಚೇನೇ ಬೊಗಳೋಕೆ ಏನಾಗಿತ್ತೋ?’

‘ನಂಗೆ ಮುಖಪುಟ ತಾನೇ ಕೊಟ್ಟಿದ್ದು?’

ಮೇಷ್ಟ್ರು ಬೈಂಡಿಂಗು ವಾಪಸ್ಸು ಕೊಟ್ಟು, ಇನ್ನು ಮೇಲೆ ಭಾಗ ಹಂಚಿ ಭಾಗಕ್ಕಷ್ಟೇ ಅಂಕ ಅಂದರು. ಈ ಉಪಾಯ ಹೊಸದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ 1971ರಲ್ಲಿ ಟೆಕ್ಸಾಸಿನ ಆಸ್ಟಿನ್ ಶಾಲೆಗಳಲ್ಲಿ ಪಾಠವನ್ನು ತುಂಡು ತುಂಡು ಮಾಡಿ ಮಕ್ಕಳಿಗೆ ಹಂಚಿದ್ದ. ಪ್ರತಿಯೊಬ್ಬನ ತುಂಡೂ ಉಳಿದವರಿಗೆ ಬೇಕೇ ಬೇಕು. ಒಬ್ಬ ಬಾಯಿ ಮುಚ್ಚಿಕೊಂಡರೆ ಎಲ್ಲರಿಗೂ ನಷ್ಟ. ಅಲ್ಲಿ ಫಲ ಕೊಟ್ಟಿತಂತೆ.

ಇಲ್ಲಿ ಐದನೆಯವನ ಪಾಲಿಗೆ ಬಂದದ್ದು ಕ್ಷೇತ್ರಕಾರ್ಯ: ಆ ದೊಡ್ಡೇರಿಗೆ ಹೋಗಿ ಕೋಟೆಯ ಕುರುಹು ಏನಾದರೂ ಇದ್ದರೆ ಫೋಟೊ ತರುವುದು. ಎರಡು ದಿನಕ್ಕೆಂದು ಹೋದವನು ವಾರ ಇದ್ದ. ಗ್ರೂಪಿಗೆ ಹದಿನಾಲ್ಕು ಫೋಟೊ ಬಂದವು. ಹದಿಮೂರರಲ್ಲಿ ಅಕ್ಕನ ಮಗು. ಹದಿನಾಲ್ಕನೆಯದರಲ್ಲಿ ಭಾವನ ಹೆಗಲ ಮೇಲೆ ಕೈ ಹಾಕಿ ಇವನು ನಿಂತಿದ್ದಾನೆ, ಹಿಂದೆ ಮೊಳದುದ್ದದ ಕಲ್ಲುಗೋಡೆ, ಗೋಡೆಗೆ ಕಟ್ಟಿದ ಒಂದು ಎಮ್ಮೆ.

‘ಇದು ಕೋಟೆ ಏನೋ?’ ಅಂತ ನಾಲ್ವರೂ ಕೇಳಿದರು.

ಉತ್ತರವಾಗಿ ಒಂದು ಹೆಬ್ಬೆಟ್ಟು ಬಂತು.